ಟಾಕಿ ಬಿದ್ದಾವ: ಹೆರಿಗೆಯ ಗಾಯದೊಂದಿಗೆ ಎರಡೂವರೆ ವರ್ಷ, ಒಂದು ಪ್ರಕರಣ ಅಧ್ಯಯನ

ಆಕೆ ನಮ್ಮ ಫಿಸಿಯೋಥೆರಪಿ ವಿಭಾಗಕ್ಕೆ ಬಂದದ್ದು ಬೆನ್ನುನೋವಿನ ಚೀಟಿ ಹಿಡಿದುಕೊಂಡು. ವಯಸ್ಸು 26, ಗುಳೇದಗುಡ್ಡದ ನೇಕಾರ ಮನೆತನದ ಸೊಸೆ, ಕುಣಿಮಗ್ಗದ ಮೇಲೆ ಖಣ, ಅಂದರೆ ರವಿಕೆಯ ಬಟ್ಟೆ ನೇಯುವವಳು, ಎರಡೂವರೆ ವರ್ಷದ ಮಗುವಿನ ತಾಯಿ. ಕಾಲುಗಳನ್ನು ನೆಲದಲ್ಲಿ ತೋಡಿದ ಕುಣಿಯೊಳಗೆ ಇಳಿಬಿಟ್ಟು, ಸೊಂಟವನ್ನು ಮುಂದಕ್ಕೆ ಬಾಗಿಸಿಕೊಂಡು ದಿನಕ್ಕೆ ಏಳೆಂಟು ತಾಸು ಕೂರುವವರಿಗೆ ಬೆನ್ನುನೋವು ಬರುವುದು ಹೊಸತೇನಲ್ಲ. ಬಾಗಲಕೋಟೆ ಜಿಲ್ಲೆಯ ನೇಕಾರ ಊರುಗಳಿಂದ ಇಂಥವರು ನಮ್ಮಲ್ಲಿಗೆ ಬರುತ್ತಲೇ ಇರುತ್ತಾರೆ. ಆದರೆ ಆಕೆ ಕುರ್ಚಿಯ ಮೇಲೆ ಸರಿಯಾಗಿ ಕೂರಲಿಲ್ಲ. ಮೈಭಾರವನ್ನೆಲ್ಲ ಎಡಕುಂಡಿಯ ಮೇಲೆ ಹಾಕಿ, ಬಲಗೈಯನ್ನು ಕುರ್ಚಿಯ ಅಂಚಿಗೆ ಊರಿ, ಏಳಲು ಸಿದ್ಧಳಾದವಳಂತೆ ಕೂತಿದ್ದಳು. ಅದನ್ನು ಹಾಳೆಯಲ್ಲಿ ಬರೆದುಕೊಂಡೆನಾದರೂ ಅದರ ಅರ್ಥ ಆಗ ನನಗೆ ಹೊಳೆದಿರಲಿಲ್ಲ.

ಕೆಳಬೆನ್ನಿನ ನೋವಿನವರು ಯಾರೇ ಬರಲಿ, ಮಲಮೂತ್ರದ ಹಿಡಿತ ತಪ್ಪಿದೆಯೇ, ಕೂರುವ ಜಾಗದಲ್ಲಿ ಜೋಮು ಹಿಡಿದಿದೆಯೇ ಎಂದು ಕೇಳದೆ ನಾವು ಮುಂದೆ ಹೋಗುವಂತಿಲ್ಲ. ಬೆನ್ನುಹುರಿಯ ಕೊನೆಯಲ್ಲಿ ಕುದುರೆಯ ಬಾಲದಂತೆ ಇಳಿಬಿದ್ದಿರುವ ನರಗಳ ಗೊಂಚಲು ಒತ್ತಿಕೊಂಡರೆ ಕಾಣುವ ಲಕ್ಷಣಗಳು ಇವು. ಹಾಗಾದಾಗ ಅದೇ ದಿನ ದೊಡ್ಡ ಆಸ್ಪತ್ರೆಗೆ ಕಳಿಸಬೇಕಾಗುತ್ತದೆ. ‘ಮಲಮೂತ್ರದ ಹತೋಟಿ’ ಎಂಬ ಪುಸ್ತಕದ ಮಾತಿಗೆ ನಮ್ಮ ಕಡೆಯ ಹೆಣ್ಣುಮಕ್ಕಳು ಸುಮ್ಮನೆ ತಲೆಯಾಡಿಸುತ್ತಾರೆಂದು ನಾನು ಬಲ್ಲೆನಾದ್ದರಿಂದ, “ಸಂಡಾಸ, ಉಚ್ಚಿ, ಗಾಳಿ ಇವೆಲ್ಲ ನಿನ್ನ ಹಿಡಿತದಾಗ ಅದಾವಿಲ್ಲೋ ತಂಗಿ?” ಎಂದೇ ಕೇಳಿದೆ. ಆಕೆ ಬಾಗಿಲ ಬಳಿ ನಿಂತಿದ್ದ ಅತ್ತೆಯ ಕಡೆ ನೋಡಿದಳು. ಹಳೆಯ ಕಾಗದಗಳಿದ್ದರೆ ಹೊರಗಿನ ಚೀಲದಿಂದ ತನ್ನಿರೆಂದು ಅತ್ತೆಯನ್ನು ಕಳಿಸಿದೆ.

“ಗಾಳಿ ನನ್ನ ಮಾತ ಕೇಳಂಗಿಲ್ರಿ ಅಕ್ಕಾರ. ಸಂಡಾಸಕ್ಕ ಬಂತಂದ್ರ ಬಂತು, ನಿಂದರಾಕ ಆಗಂಗಿಲ್ಲ.”

ಎಷ್ಟು ದಿನದಿಂದ ಎಂದು ಕೇಳುವಾಗ ನನ್ನ ಮನಸ್ಸಿನಲ್ಲಿ ಎಂ.ಆರ್.ಐ. ಸ್ಕ್ಯಾನಿನ ಲೆಕ್ಕ ನಡೆದಿತ್ತು. “ಕೂಸು ಹುಟ್ಟಿದಾಗಿಂದ್ರಿ,” ಎಂದಳು. “ಟಾಕಿ ಬಿದ್ದಿದ್ದುವಲ್ಲ, ಅದಕ್ಕ ಹಿಂಗ ಇರತದಂತ ತಿಳಕೊಂಡಿದ್ನಿ.” ಟಾಕಿ ಎಂದರೆ ನಮ್ಮ ಕಡೆ ಹೊಲಿಗೆ.

ಕಾಲಿನ ಬಲ, ಚರ್ಮದ ಸ್ಪರ್ಶಜ್ಞಾನ, ಮೊಣಕಾಲು ಮತ್ತು ಹಿಮ್ಮಡಿಯ ಪ್ರತಿವರ್ತನೆ ಎಲ್ಲವೂ ಸರಿಯಾಗಿದ್ದವು. ಬೆನ್ನಿನ ನರಕ್ಕೆ ಏನೂ ಆಗಿರಲಿಲ್ಲ. ಬೆನ್ನಿಗಾಗಿ ಕೇಳಿದ ಪ್ರಶ್ನೆಗೆ ಹೆರಿಗೆಯ ಉತ್ತರ ಬಂದಿತ್ತು. ಆಕೆಯ ಒಪ್ಪಿಗೆ ಪಡೆದು, ಗುರುತು ಸಿಗುವ ವಿವರಗಳನ್ನೆಲ್ಲ ಬಿಟ್ಟು ಈ ಪ್ರಕರಣವನ್ನು ಬರೆಯುತ್ತಿದ್ದೇನೆ.

ಹೆರಿಗೆಯ ದಿನ

ರೂಢಿಯಂತೆ ಚೊಚ್ಚಲ ಹೆರಿಗೆ ತವರಿನಲ್ಲಿ, ಬಾದಾಮಿ ತಾಲೂಕಿನ ಒಂದು ಹಳ್ಳಿಯಲ್ಲಿ ಗೊತ್ತಾಗಿತ್ತು. ಸಂಜೆ ಬ್ಯಾನೆ ಶುರುವಾಗಿ ರಾತ್ರಿ ಆಸ್ಪತ್ರೆ ಸೇರಿದವಳಿಗೆ ಮರುದಿನ ಮಧ್ಯಾಹ್ನ ಹೆರಿಗೆಯಾಯಿತು. ಗರ್ಭಕೋಶದ ಬಾಯಿ ಪೂರ್ತಿ ತೆರೆದ ಮೇಲೂ ಎರಡು ತಾಸಿಗಿಂತ ಹೆಚ್ಚು ಹೊತ್ತು ಮುಕ್ಕಿದ್ದಾಳೆ. ಒಬ್ಬರು ಮೇಲಿನಿಂದ ಹೊಟ್ಟೆ ಒತ್ತಿದ್ದನ್ನು ಇಂದಿಗೂ ಕೈಮಾಡಿ ತೋರಿಸುತ್ತಾಳೆ. ಕೊನೆಗೆ ಕೆಳಗೆ ಕೊಯ್ದು, ಚಿಮಟಾ ಹಾಕಿ, ಅಂದರೆ ಫೋರ್ಸೆಪ್ಸ್ ಬಳಸಿ ಮಗುವನ್ನು ತೆಗೆದರು. ಮಗುವಿನ ತೂಕ 3.9 ಕಿಲೋ. ಹೆರಿಗೆ ಕೋಣೆಯಲ್ಲೇ ಆ ಜಾಗಕ್ಕಷ್ಟೇ ಮರಗಟ್ಟುವ ಇಂಜೆಕ್ಷನ್ ಕೊಟ್ಟು ಹೊಲಿದರು. ಹೊರಗಿದ್ದ ತಾಯಿಗೆ “ಟಾಕಿ ಬಿದ್ದಾವ, ಒಂದಿಷ್ಟು ದಿನ ಕಾಳಜಿ ಮಾಡ್ರಿ” ಎಂದು ಹೇಳಲಾಯಿತು. ಮೂರನೆಯ ದಿನ ಮನೆಗೆ ಕಳಿಸಿದರು. ಅತ್ತೆ ಚೀಲದಿಂದ ತಂದ ಬಿಡುಗಡೆ ಕಾಗದದಲ್ಲಿ ಫೋರ್ಸೆಪ್ಸ್ ಹೆರಿಗೆಯಾಯಿತೆಂದೂ ಕೊಯ್ದ ಗಾಯವನ್ನು ಹೊಲಿಯಲಾಯಿತೆಂದೂ ತಾಯಿ ಮಗು ಆರೋಗ್ಯವಾಗಿದ್ದಾರೆಂದೂ ಬರೆದಿತ್ತು. ಗಾಯ ಎಷ್ಟು ಆಳಕ್ಕೆ ಹೋಗಿತ್ತು, ಹೊಲಿಯುವ ಮೊದಲು ಅಥವಾ ಆಮೇಲೆ ಗುದದ್ವಾರದಲ್ಲಿ ಬೆರಳಿಟ್ಟು ನೋಡಿದರೇ ಎಂಬುದಕ್ಕೆ ಅದರಲ್ಲಿ ಒಂದು ಸಾಲೂ ಇರಲಿಲ್ಲ.

‘ಟಾಕಿ ಬಿದ್ದಾವ’ ಎಂಬ ನಮ್ಮ ಎರಡು ಮಾತುಗಳ ಹೊಟ್ಟೆಯೊಳಗೆ ನಾಲ್ಕು ಬೇರೆಬೇರೆ ಗಾಯಗಳು ಅಡಗಿರುತ್ತವೆ. ಚರ್ಮವಷ್ಟೇ ಹರಿದರೆ ಅದು ಮೊದಲನೆಯ ದರ್ಜೆ. ಯೋನಿಗೂ ಗುದದ್ವಾರಕ್ಕೂ ನಡುವೆ ಇರುವ ಸ್ನಾಯುಗಳು ಹರಿದರೆ ಎರಡನೆಯದು. ಬೇಕೆಂದೇ ಕೊಯ್ಯುವ ಎಪಿಸಿಯೋಟಮಿಯ ಆಳವೂ ಸಾಮಾನ್ಯವಾಗಿ ಇಷ್ಟೇ. ಸೀಳು ಇನ್ನೂ ಹಿಂದಕ್ಕೆ ಹೋಗಿ ಗುದದ್ವಾರವನ್ನು ಬಿಗಿಹಿಡಿಯುವ ಸ್ನಾಯುವಿನ ಬಳೆಯನ್ನು ಮುಟ್ಟಿದರೆ ಮೂರನೆಯ ದರ್ಜೆ, ಒಳಗಿನ ಲೋಳೆಪೊರೆಯೂ ಸೀಳಿದರೆ ನಾಲ್ಕನೆಯದು. ಮೂರನೆಯ ದರ್ಜೆಯನ್ನು ಮತ್ತೆ ಎ, ಬಿ, ಸಿ ಎಂದು ಒಡೆದು ಹೇಳುವ, ಈಗ ಎಲ್ಲ ಕಡೆ ಚಾಲ್ತಿಯಲ್ಲಿರುವ ವರ್ಗೀಕರಣವನ್ನು 1999ರಲ್ಲಿ ಬ್ರಿಟನ್ನಿನ ವೈದ್ಯ ಅಬ್ದುಲ್ ಸುಲ್ತಾನ್ ಮುಂದಿಟ್ಟರು: ಹೊರಬಳೆಯ ದಪ್ಪದಲ್ಲಿ ಅರ್ಧಕ್ಕಿಂತ ಕಡಿಮೆ ಹರಿದರೆ ಎ, ಅರ್ಧಕ್ಕಿಂತ ಹೆಚ್ಚಾದರೆ ಬಿ, ಒಳಬಳೆಯೂ ಹರಿದರೆ ಸಿ. ಇದು ಅಕ್ಷರಗಳ ಕಸರತ್ತಲ್ಲ. ಮೊದಲೆರಡು ದರ್ಜೆಯ ಗಾಯಗಳು ಹೆರಿಗೆ ಕೋಣೆಯಲ್ಲೇ ಹೊಲಿದು ಮಾಯುವಂಥವು. ಮೂರು ಮತ್ತು ನಾಲ್ಕನೆಯ ದರ್ಜೆಯವನ್ನು ಆಪರೇಷನ್ ಥಿಯೇಟರಿಗೆ ಒಯ್ದು, ಬೆನ್ನಿಗೆ ಇಂಜೆಕ್ಷನ್ ಕೊಟ್ಟು ಅಥವಾ ಪೂರ್ತಿ ಪ್ರಜ್ಞೆ ತಪ್ಪಿಸಿ, ಒಳಗೆ ಸರಿದುಹೋದ ಸ್ನಾಯುವಿನ ತುದಿಗಳನ್ನು ಹುಡುಕಿ ಹಿಡಿದು, ತಡವಾಗಿ ಕರಗುವ ದಾರದಿಂದ ಹೊಲಿಯಬೇಕು. ಆಮೇಲೆ ಆ್ಯಂಟಿಬಯಾಟಿಕ್ ಕೊಡಬೇಕು, ಮಲ ಮೆತ್ತಗಾಗುವ ಔಷಧಿ ಕೊಡಬೇಕು, 6ರಿಂದ 12 ವಾರದೊಳಗೆ ಮತ್ತೆ ಕರೆದು ನೋಡಬೇಕು. ಹೀಗೆ ಸರಿಯಾಗಿ ಹೊಲಿದಾಗ ಹೊರಬಳೆ ಹರಿದವರಲ್ಲಿ ನೂರಕ್ಕೆ 60ರಿಂದ 80 ಮಂದಿಗೆ ವರ್ಷದ ಹೊತ್ತಿಗೆ ಯಾವ ತೊಂದರೆಯೂ ಉಳಿಯುವುದಿಲ್ಲ. ಗಾಯವನ್ನು ಗುರುತಿಸದೆ ಮೇಲಿನ ಚರ್ಮವನ್ನಷ್ಟೇ ಕೂಡಿಸಿದರೆ ಹೊರಗೆ ನೋಡಲು ಎಲ್ಲ ಸರಿಯಾದಂತೆಯೇ ಕಾಣುತ್ತದೆ, ಒಳಗೆ ಬಳೆ ಬಿಟ್ಟುಕೊಂಡೇ ಇರುತ್ತದೆ.

ಈ ತಾಯಿಗೆ ಅಂಥ ಗಾಯವಾಗುವ ಸಂಭವ ಹೆಚ್ಚೆಂಬುದು ಮೊದಲೇ ಕಾಣುತ್ತಿತ್ತು: ಚೊಚ್ಚಲ ಹೆರಿಗೆ, ದೊಡ್ಡ ಮಗು, ಬಹಳ ಹೊತ್ತು ಮುಕ್ಕಿದ್ದು, ಎಲ್ಲಕ್ಕಿಂತ ಮಿಗಿಲಾಗಿ ಫೋರ್ಸೆಪ್ಸ್. ಕೊಯ್ಯುವಾಗ ನಡುಗೆರೆಯಿಂದ ಸುಮಾರು 60 ಡಿಗ್ರಿ ಓರೆಯಾಗಿ ಕೊಯ್ದರೆ ಸೀಳು ಗುದದ್ವಾರದಿಂದ ದೂರ ಸರಿಯುತ್ತದೆ. ಮಗುವಿನ ತಲೆಯ ಒತ್ತಡಕ್ಕೆ ಚರ್ಮ ಹಿಗ್ಗಿರುವಾಗ ಕಣ್ಣಳತೆ ಮೋಸಹೋಗಿ, ಓರೆಯೆಂದುಕೊಂಡ ಗೆರೆ ಹೆರಿಗೆಯಾದ ಮೇಲೆ ನಡುಗೆರೆಗೆ ಹತ್ತಿರ ಬಂದುಬಿಡುತ್ತದೆ. ಆಕೆಯ ಕಲೆ ಹೆಚ್ಚುಕಡಿಮೆ ನೇರವಾಗಿ ಕೆಳಗೇ ಇಳಿದಿತ್ತು. ಅವಸರದ ಹೆರಿಗೆಯಲ್ಲಿ ಹೀಗಾಗುವುದುಂಟು, ನುರಿತ ಕೈಯಲ್ಲೂ ಆಗುವುದುಂಟು. ಆದ್ದರಿಂದ ಹರಿದದ್ದಕ್ಕೆ ಯಾರನ್ನೂ ದೂರಲು ನನಗೆ ಮನಸ್ಸಿಲ್ಲ. ಹರಿದದ್ದನ್ನು ಹುಡುಕಲು ಬೇಕಾಗಿದ್ದದ್ದು ಕೈಗವಸು ಹಾಕಿದ ಒಂದು ಬೆರಳು ಮತ್ತು ಒಂದು ನಿಮಿಷ. ನನ್ನ ಆಕ್ಷೇಪವಿರುವುದು ಅಲ್ಲಿ.

ಬಾಣಂತನ

ಐದನೆಯ ದಿನವೇ ಗಾಳಿ ತಡೆಯಲಾಗದೆ ಹೋಗುತ್ತಿರುವುದು ಆಕೆಗೆ ತಿಳಿದಿತ್ತು. ಬಾಣಂತಿಯ ಮೈ ಸಡಿಲ, ನಲವತ್ತು ದಿನಕ್ಕೆ ಬಿಗಿಯಾಗುತ್ತದೆ ಎಂದು ತಾಯಿ ಸಮಾಧಾನ ಹೇಳಿದಳು. ನೀರು ಹೆಚ್ಚು ಕುಡಿದರೆ ಹೊಟ್ಟೆ ಬರುತ್ತದೆಂದು ದಿನಕ್ಕೆ ಮೂರು ನಾಲ್ಕು ಲೋಟ ಬಿಸಿನೀರಿಗೆ ನಿಲ್ಲಿಸಿದ್ದರು. ಹೀಗಾಗಿ ಮಲ ಗಟ್ಟಿಯಾಗಿ, ಟಾಕಿ ಬಿಚ್ಚೀತೆಂಬ ಹೆದರಿಕೆಗೆ ನಾಲ್ಕು ದಿನ ತಡೆದು, ಐದನೆಯ ದಿನ ಅತ್ತುಕೊಂಡು ಮುಕ್ಕಿದಳು. ಹೊಸ ಹೊಲಿಗೆಗೆ ಇದಕ್ಕಿಂತ ಕೆಟ್ಟದ್ದು ಇಲ್ಲ. ತಾಯಿ ಬೆಳಗಿನಲ್ಲಿ ಕೊಡುತ್ತಿದ್ದ ಅಳ್ವಿ ಪಾಯಸ ಮಾತ್ರ, ನೀರಿನಲ್ಲಿ ಲೋಳೆಯಾಗಿ ಉಬ್ಬುವ ಆ ಕಾಳಿನ ಗುಣದಿಂದ, ಆಕೆಗೆ ಒಳ್ಳೆಯದನ್ನೇ ಮಾಡಿರಬೇಕು. ಬಾಣಂತನದ ಪದ್ಧತಿಗಳನ್ನೆಲ್ಲ ಒಟ್ಟಾಗಿ ಬಯ್ಯುವವರ ಜೊತೆ ನಾನು ಸೇರುವುದಿಲ್ಲ. ಹೊರಸಿನ ಕೆಳಗೆ ಕೆಂಡದ ಶೆಗಡಿ ಇಟ್ಟು ಕಾಸಿದ್ದರಿಂದ ನೋವು ಮರೆತಿತೇ ಹೊರತು ಗಾಯಕ್ಕೆ ಬೇಕಾಗಿದ್ದ ಶುಚಿ ಆ ಬೂದಿ ಹೊಗೆಯಲ್ಲಿ ಸಿಗುವಂತಿರಲಿಲ್ಲ.

ಆಶಾ ಕಾರ್ಯಕರ್ತೆ ತಪ್ಪದೆ ಬಂದರು. ಆಸ್ಪತ್ರೆಯಲ್ಲಿ ಹೆರಿಗೆಯಾದ ಮನೆಗೆ 3, 7, 14, 21, 28 ಮತ್ತು 42ನೆಯ ದಿನ ಭೇಟಿ ಕೊಡಬೇಕೆಂಬ ನಿಯಮವನ್ನು ಅವರು ಅಕ್ಷರಶಃ ಪಾಲಿಸಿದರು. ಮಗುವನ್ನು ತೂಗಿದರು, ಮೈ ಬಿಸಿ ನೋಡಿದರು, ಮೊಲೆ ಕುಡಿಯುತ್ತಿದೆಯೇ ಎಂದು ಕೇಳಿದರು, ತಾಯಿಗೆ ಜ್ವರ, ರಕ್ತಸ್ರಾವ ಇದೆಯೇ ಎಂದು ವಿಚಾರಿಸಿದರು. ಆರೂ ಸಲ ಆಕೆ ಹೊರಸಿನ ಮೇಲೆ ಒಂದೇ ಮಗ್ಗುಲಿಗೆ ಕೂತುಕೊಂಡು ‘ಆರಾಮ ಅದೀನ್ರಿ’ ಎಂದಳು. ಕೇಳಿದ ಪ್ರಶ್ನೆಗಳ ಮಟ್ಟಿಗೆ ಅದು ಸುಳ್ಳಲ್ಲ. 2005ರಲ್ಲಿ ಜನನಿ ಸುರಕ್ಷಾ ಯೋಜನೆ ಬಂದ ಮೇಲೆ ಹಳ್ಳಿಯ ಹೆರಿಗೆಗಳು ಆಸ್ಪತ್ರೆಯ ಬಾಗಿಲಿಗೆ ಬಂದವು. ತಾಯಿ ಸಾಯಬಾರದು, ಮಗು ಸಾಯಬಾರದು ಎಂಬಲ್ಲಿ ಪ್ರಶ್ನೆಗಳೂ ನಿಂತುಬಿಟ್ಟಿವೆ. ಬದುಕುಳಿದ ತಾಯಿಗೆ ಗಾಳಿ ತಡೆಯಲು ಆಗುತ್ತದೆಯೇ ಎಂದು ಕೇಳುವುದು ಯಾರ ಪಟ್ಟಿಯಲ್ಲೂ ಇರಲಿಲ್ಲ.

22 ಹೆಜ್ಜೆ

ಐದನೆಯ ತಿಂಗಳಿಗೆ ಗುಳೇದಗುಡ್ಡಕ್ಕೆ ಮರಳಿ ಮಗ್ಗಕ್ಕೆ ಕೂತಳು. ಮಗ್ಗದ ಕುಣಿಯಿಂದ ಹಿತ್ತಲಿನ ಸಂಡಾಸಕ್ಕೆ 22 ಹೆಜ್ಜೆ, ನಡುವೆ ಎರಡು ಬಾಗಿಲು, ಹಿಂಬಾಗಿಲ ಅಗಳಿ ತೋಳೆತ್ತಿ ತೆಗೆಯುವಷ್ಟು ಮೇಲೆ. ಈ ಲೆಕ್ಕವನ್ನು ನಾನು ಕೇಳುವ ಮೊದಲೇ ಆಕೆ ಹೇಳಿದಳು. ಮಲದ ಒತ್ತಡ ಬಂದಾಗ ಕಾಲನ್ನು ಕುಣಿಯಿಂದ ಮೇಲೆತ್ತಿ, ಹಲಗೆಯಿಂದ ಸರಿದು ಎದ್ದು ನಿಲ್ಲುವುದರೊಳಗೆ ಕೆಲವು ಸಲ ಸೀರೆ ಒದ್ದೆಯಾಗಿರುತ್ತಿತ್ತು. ಅದನ್ನು ಸಂಜೆ ಮಬ್ಬುಗತ್ತಲಲ್ಲಿ ತೊಳೆದು, ಬೇರೆ ಬಟ್ಟೆಗಳ ಒಳಮಗ್ಗುಲಿಗೆ ಹಾಕಿ ಒಣಗಿಸುತ್ತಿದ್ದಳು.

ಹೊಟ್ಟೆಯಲ್ಲಿ ಏನೂ ಇಲ್ಲದಿದ್ದರೆ ಏನೂ ಬರುವುದಿಲ್ಲ ಎಂಬ ಸರಳ ಲೆಕ್ಕಕ್ಕೆ ಬಂದು ಬೆಳಗಿನ ರೊಟ್ಟಿ ಬಿಟ್ಟಳು. ಕೆಲಸದ ಹೊತ್ತಿನಲ್ಲಿ ಹಸಿವು ಕಟ್ಟಲು ಐದಾರು ಸಲ ಚಹಾ ಕುಡಿದಳು. ಚಹಾ ಕರುಳನ್ನು ಇನ್ನಷ್ಟು ಕೆದಕುತ್ತದೆ ಎಂಬುದು ಆಕೆಗೆ ತಿಳಿದಿರಲಿಲ್ಲ. ನೂಲು ತರಲು, ಖಣ ಒಪ್ಪಿಸಲು ಹೊರಗೆ ಹೋಗಬೇಕಾದ ದಿನಗಳು ಸೋಮವಾರ ಮತ್ತು ಶುಕ್ರವಾರ. ಆ ಎರಡು ದಿನ ಈಶ್ವರನಿಗೆ ಒಂದು, ಬನಶಂಕರಿಗೆ ಒಂದು ಎಂದು ಉಪವಾಸ ಹಿಡಿದಳು. ಮನೆಯವರು ಸೊಸೆಗೆ ದೇವರಲ್ಲಿ ಭಕ್ತಿ ಹೆಚ್ಚಿತೆಂದು ಸಂತೋಷಪಟ್ಟರು. ಅಷ್ಟೊಂದು ಭಕ್ತಿಯುಳ್ಳವಳು ಬನದ ಹುಣ್ಣಿಮೆಯ ಬನಶಂಕರಿ ಜಾತ್ರೆಗೆ ಮಾತ್ರ ಎರಡು ವರ್ಷವೂ ಏನಾದರೊಂದು ನೆಪ ಹೇಳಿ ಹೋಗಲಿಲ್ಲ ಎಂಬುದನ್ನು ಯಾರೂ ಗಮನಿಸಲಿಲ್ಲ. ನಾವು ರಕ್ತ ಪರೀಕ್ಷಿಸಿದಾಗ ಹಿಮೋಗ್ಲೋಬಿನ್ 8.6 ಇತ್ತು, ಅಂದರೆ ರಕ್ತಹೀನತೆ.

ಗಂಡನೊಂದಿಗಿನ ಸಂಬಂಧದ ಬಗ್ಗೆ ಕಡಿಮೆ ಮಾತಿನಲ್ಲಿ ಹೇಳುತ್ತೇನೆ, ಆಕೆಯೂ ಕಡಿಮೆ ಮಾತಿನಲ್ಲೇ ಹೇಳಿದ್ದು. ಕೂಡುವಾಗ ಕಲೆಯ ಜಾಗದಲ್ಲಿ ಕೊಯ್ದಂಥ ನೋವು, ಅದರ ಮೇಲೆ ಆ ಹೊತ್ತಿನಲ್ಲಿ ಗಾಳಿ ಹೋದೀತೆಂಬ ಅಂಜಿಕೆ. ಮಗುವಿನ ನೆಪ ಮಾಡಿ ಅತ್ತೆಯ ಕೋಣೆಯಲ್ಲಿ ಮಲಗತೊಡಗಿದಳು. ಗಂಡ ಅದನ್ನು ಬೇಸರವೆಂದು ತಿಳಿದ.

ಒಂದು ಸಲ ಸೀರೆಯನ್ನು ಅತ್ತೆ ಕಂಡಳು. ಮೂಲವ್ಯಾಧಿ ಇರಬೇಕೆಂದು ಊರಲ್ಲಿ ಮೂಲವ್ಯಾಧಿಗೆ ಔಷಧಿ ಕೊಡುವವರಲ್ಲಿಗೆ ಕರೆದೊಯ್ದಳು. ಅವರು ನೋಡದೆಯೇ ಮುಲಾಮು ಕೊಟ್ಟರು, ಆಕೆ ಮೂರು ತಿಂಗಳು ಹಚ್ಚಿಕೊಂಡಳು. ಬೆನ್ನುನೋವಿಗೆ ಬಂದದ್ದು ಇದೆಲ್ಲದರ ಕೊನೆಗೆ. ಗಾಯದ ಮೇಲೆ ಭಾರ ಬೀಳದಂತೆ ಒಂದೇ ಮಗ್ಗುಲಿಗೆ ಕೂತು ಎರಡು ವರ್ಷ ನೇಯ್ದರೆ ಯಾರ ಬೆನ್ನಾದರೂ ನೋಯುತ್ತದೆ.

ಅಂಕದ ಹಾಳೆ

ಮಲದ ಹಿಡಿತ ಎಷ್ಟು ತಪ್ಪಿದೆ ಎಂದು ಅಳೆಯಲು ವೆಕ್ಸ್ನರ್ ಅಂಕಪಟ್ಟಿ ಎಂಬ ಸಣ್ಣ ಹಾಳೆಯೊಂದಿದೆ. ಗಟ್ಟಿ ಮಲ, ತೆಳು ಮಲ, ಗಾಳಿ, ಪ್ಯಾಡಿನ ಬಳಕೆ, ದಿನಚರಿಯಲ್ಲಿ ಬದಲಾವಣೆ ಎಂಬ ಐದು ಪ್ರಶ್ನೆಗಳಿಗೆ ಸೊನ್ನೆಯಿಂದ 4ರವರೆಗೆ ಅಂಕ. ಒಟ್ಟು 20 ಬಂದರೆ ಹಿಡಿತವೇ ಇಲ್ಲವೆಂದು ಅರ್ಥ. ಮೊದಲ ದಿನ ಈ ಹಾಳೆಯನ್ನು ತುಂಬಿದಾಗ ಗಟ್ಟಿ ಮಲಕ್ಕೆ 1, ತೆಳು ಮಲಕ್ಕೆ 2, ಗಾಳಿಗೆ 4 ಬಂದವು. ಪ್ಯಾಡ್ ಹಾಕಿಕೊಳ್ಳುತ್ತೀಯಾ ಎಂದದ್ದಕ್ಕೆ ‘ಇಲ್ರಿ’ ಎಂದಳು. ಇದರಿಂದ ನಿನ್ನ ದಿನಚರಿ ಬದಲಾಗಿದೆಯೇ ಎಂದದ್ದಕ್ಕೂ ‘ಇಲ್ರಿ, ನಾ ಎಲ್ಲೂ ಹೋಗಂಗಿಲ್ಲ’ ಎಂದಳು. ಒಟ್ಟು 7. ಅಂದರೆ ಸಾಧಾರಣ ತೊಂದರೆ.

ಹಾಳೆಯನ್ನು ಮಡಿಸಿಟ್ಟ ಮೇಲೆ, ಪರೀಕ್ಷೆಗೆ ಮಲಗಲು ಹೇಳಿದಾಗ, ಆಕೆ ಮರೆಯಲ್ಲಿ ನಿಂತು ಒಳಗಿನಿಂದ ನಾಲ್ಕು ಮಡಿಕೆಯ ಹಳೆಯ ಕಾಟನ್ ಸೀರೆಯ ತುಂಡೊಂದನ್ನು ತೆಗೆದು ಚೀಲದಲ್ಲಿಟ್ಟುಕೊಂಡದ್ದು ಕಂಡಿತು. ಪ್ಯಾಡ್ ಎಂದರೆ ಅಂಗಡಿಯಲ್ಲಿ ಸಿಗುವುದು. ಅದನ್ನು ಆಕೆ ಹಾಕುತ್ತಿರಲಿಲ್ಲ ನಿಜ. ಬಟ್ಟೆ ಹಾಕುತ್ತೀಯಾ ಎಂದು ಕೇಳಿದರೆ ವಾರದಲ್ಲಿ ನಾಲ್ಕೈದು ದಿನ ಎಂದಳು. ದಿನಚರಿಯ ಪ್ರಶ್ನೆಯೂ ಹಾಗೆಯೇ: ಎಲ್ಲಿಗೂ ಹೋಗುವುದಿಲ್ಲ ಎಂಬುದೇ ಬದಲಾವಣೆ ಎಂದು ಆ ಹಾಳೆಗೆ ತಿಳಿಯುವುದಿಲ್ಲ, ಆ ದಿನ ನನಗೂ ತಕ್ಷಣ ತಿಳಿಯಲಿಲ್ಲ. ಉಪವಾಸ, ಜಾತ್ರೆ, ಅತ್ತೆಯ ಕೋಣೆ ಒಂದೊಂದಾಗಿ ಹೊರಬಿದ್ದ ಮೇಲೆ ಬಟ್ಟೆಗೆ 3, ದಿನಚರಿಗೆ 4 ಸೇರಿಸಿದೆ. ಅದೇ ಹೆಣ್ಣುಮಗಳು, ಅದೇ ಮಧ್ಯಾಹ್ನ, ಅಂಕ 14.

ಅಲ್ಲಿಂದ ಸ್ತ್ರೀರೋಗ ತಜ್ಞೆಯ ಬಳಿಗೆ ಕಳಿಸಿದೆ. ಯೋನಿಗೂ ಗುದದ್ವಾರಕ್ಕೂ ನಡುವಿನ ಅಂತರ ಬೆರಳಿನ ಅರ್ಧದಷ್ಟಾಗಿತ್ತು. ಗುದದ್ವಾರದ ಸುತ್ತ ಇರಬೇಕಾದ ನೆರಿಗೆಗಳು ಮುಂದಿನ ಮಗ್ಗುಲಲ್ಲಿ ಅಳಿಸಿಹೋಗಿದ್ದವು, ಬಿಗಿಹಿಡಿಯೆಂದಾಗ ಹಿಂದಿನ ಅರ್ಧ ಮಾತ್ರ ಅಲುಗಿತು. ಮಲದ ದಾರಿಗೂ ಯೋನಿಗೂ ನಡುವೆ ತೂತು ಬಿದ್ದಿಲ್ಲವೆಂಬುದು ಖಚಿತವಾಯಿತು. ಗುದದ್ವಾರದೊಳಗಿನಿಂದ ಮಾಡುವ ಅಲ್ಟ್ರಾಸೌಂಡಿಗಾಗಿ ದೊಡ್ಡ ಊರಿಗೆ ಹೋಗಬೇಕಾಯಿತು. ಬಳೆಯನ್ನು ಗಡಿಯಾರದ ಮುಖವೆಂದುಕೊಂಡರೆ ಹೊರಸ್ನಾಯು 11ರಿಂದ 1 ಗಂಟೆಯವರೆಗೆ ಬಿಟ್ಟುಕೊಂಡಿದ್ದು, ಒಳಸ್ನಾಯು ಗಟ್ಟಿಯಾಗಿ ಉಳಿದಿರುವುದು ಕಂಡಿತು.

ಇದನ್ನು ಆಕೆಗೂ ಅತ್ತೆಗೂ ತಿಳಿಸಿ ಹೇಳಲು ಅತ್ತೆಯ ಎಲಿಸಂಚಿಯನ್ನೇ, ಎಲೆ ಅಡಿಕೆ ಇಡುವ ಚೀಲವನ್ನೇ, ಕೇಳಿ ಪಡೆದೆ. ಸಂಚಿಯ ಬಾಯಿಗೆ ಎರಡು ಲಾಡಿ ಇವೆಯೆಂದುಕೊಳ್ಳಿ ಎಂದೆ. ಒಳಗಿನ ಲಾಡಿ ನಾವು ಮಲಗಿದ್ದರೂ ಎಚ್ಚರಿದ್ದರೂ ತನ್ನಷ್ಟಕ್ಕೆ ಬಿಗಿದಿರುತ್ತದೆ. ಅದು ಹರಿದವರಿಗೆ ಗೊತ್ತಿಲ್ಲದಂತೆಯೇ ಸೋರುತ್ತದೆ. ಹೊರಗಿನದನ್ನು ನಾವು ಬೇಕೆಂದು ಎಳೆಯುವುದು, ಒತ್ತಡ ಬಂದಾಗ ಸಂಡಾಸ ಮುಟ್ಟುವವರೆಗೆ ತಡೆಯುವುದು ಅದೇ. ನಿಮ್ಮ ಸೊಸೆಯ ಹೊರಗಿನ ಲಾಡಿ ಹರಿದಿದೆ, ಒಳಗಿನದು ಇದೆ. ಅತ್ತೆ ಸಂಚಿಯನ್ನು ಇಸಿದುಕೊಂಡು ಬಹಳ ಹೊತ್ತು ಅದರ ಲಾಡಿಯನ್ನೇ ಎಳೆದು ಬಿಟ್ಟು ಮಾಡುತ್ತ ಕೂತಳು. “ಅಂದ್ರ ಇದು ಮೂಲವ್ಯಾಧಿ ಅಲ್ಲೇನ್ರಿ?” ಎಂದು ಕೇಳಿದಳು. ಆಮೇಲೆ ಸೊಸೆಯ ಕಡೆ ತಿರುಗಿ, “ಹೇಳಬಾರದಾಗಿತ್ತೇನ ಯವ್ವಾ” ಎಂದಳು.

ಚಿಕಿತ್ಸೆ

ಮೊದಲು ಮುಟ್ಟಿದ್ದು ಊಟವನ್ನು, ಏಕೆಂದರೆ ಮಲ ಗಟ್ಟಿಯಾಗಿಯೂ ಅಲ್ಲದೆ ತೆಳುವಾಗಿಯೂ ಅಲ್ಲದೆ ಬಂದರೆ ಅರ್ಧ ಹರಿದ ಬಳೆಯೂ ಅದನ್ನು ತಡೆಯಬಲ್ಲದು. ಬೆಳಗಿನ ರೊಟ್ಟಿ ಮರಳಿ ಬಂತು, ಚಹಾ ಎರಡು ಸಲಕ್ಕೆ ಇಳಿಯಿತು, ಒಂದು ಚಮಚ ಇಸಬ್ಗೋಲನ್ನು ಮೊಸರಿನಲ್ಲಿ ಕಲಸಿ ಮಧ್ಯಾಹ್ನದ ಊಟದೊಂದಿಗೆ ತೆಗೆದುಕೊಂಡಳು. ಬೆಳಿಗ್ಗೆ ತಿಂದ ಅರ್ಧ ತಾಸಿಗೆ ಕರುಳು ತಾನಾಗಿ ಚಲಿಸುತ್ತದೆ. ಆ ಹೊತ್ತಿಗೆ ಸಂಡಾಸಕ್ಕೆ ಕೂತು, ಮುಕ್ಕದೆ, ಹೊಟ್ಟೆ ಖಾಲಿ ಮಾಡಿಕೊಂಡೇ ಮಗ್ಗಕ್ಕೆ ಇಳಿಯಬೇಕೆಂದು ಗೊತ್ತುಮಾಡಿದೆವು. ಬಸ್ಸಿನಲ್ಲಿ ಹೋಗುವ ದಿನಕ್ಕೆಂದು ವೈದ್ಯೆ ಭೇದಿ ತಡೆಯುವ ಲೋಪೆರಮೈಡ್ ಗುಳಿಗೆಯನ್ನು ಸಣ್ಣ ಪ್ರಮಾಣದಲ್ಲಿ ಬರೆದುಕೊಟ್ಟರು. ಕಬ್ಬಿಣಾಂಶದ ಗುಳಿಗೆ ಕೆಲವರಿಗೆ ಮಲಬದ್ಧತೆ ತರುತ್ತದೆ. ಈಕೆಗೆ ಅದು ಅಷ್ಟಿಷ್ಟು ಅನುಕೂಲವೇ ಆಯಿತು.

ವ್ಯಾಯಾಮ ಕಲಿಸುವುದು ಇಷ್ಟು ಸುಲಭವಾಗಿರಲಿಲ್ಲ. ಶ್ರೋಣಿಯ, ಅಂದರೆ ಸೊಂಟದ ಎಲುಬುಗೂಡಿನ, ತಳದ ಸ್ನಾಯುಗಳನ್ನು ಬಿಗಿಹಿಡಿದು ಬಿಡುವ ಈ ವ್ಯಾಯಾಮಕ್ಕೆ, 1948ರಲ್ಲಿ ಅದನ್ನು ಬರೆದು ಪ್ರಚಾರ ಮಾಡಿದ ಅಮೆರಿಕದ ವೈದ್ಯ ಆರ್ನಲ್ಡ್ ಕೆಗೆಲ್ ಅವರ ಹೆಸರೇ ನಿಂತಿದೆ. ‘ಗಾಳಿ ತಡೆಯುವಂತೆ ಬಿಗಿಹಿಡಿ’ ಎಂದು ನಾವೆಲ್ಲ ಹೇಳಿಕೊಡುತ್ತೇವೆ. ಗಾಳಿ ತಡೆಯಲಾಗದೆ ಬಂದವಳಿಗೆ ಅದನ್ನೇ ಹೇಳಿದಾಗ ಆಕೆ ಉಸಿರು ಕಟ್ಟಿ, ಕುಂಡಿಗಳನ್ನು ಒತ್ತಿ, ಹಲ್ಲು ಕಚ್ಚಿದಳು. ಬೇಕಾದ ಸ್ನಾಯು ಒಂದಿಷ್ಟೂ ಅಲುಗಲಿಲ್ಲ. ಎರಡನೆಯ ವಾರ ಮಾತು ಬದಲಿಸಿದೆ: ಸೊಂಟದೊಳಗಿನಿಂದ ಒಂದು ನೂಲಿನೆಳೆಯನ್ನು ಮೆಲ್ಲಗೆ ಮೇಲಕ್ಕೆ ಎಳೆದುಕೋ, ಹರಿಯಬಾರದು, ಸಡಿಲಾಗಲೂಬಾರದು. ಕೈಗವಸಿನ ಬೆರಳಿಗೆ ಆಗ ಮೊದಲ ಸಲ ಎಳೆತ ಸಿಕ್ಕಿತು. ನೇಯುವವರಿಗೆ ಎಳೆಯ ಬಿಗುವಿನ ಬಗ್ಗೆ ನಾನೇನು ಕಲಿಸಬೇಕು!

ಮೂರು ಸೆಕೆಂಡಿನ ಐದು ಎಳೆತಗಳಿಂದ ಶುರುಮಾಡಿ ಮೂರು ತಿಂಗಳಿಗೆ ಹತ್ತು ಸೆಕೆಂಡಿನ ಹತ್ತು ಎಳೆತಕ್ಕೆ, ಜೊತೆಗೆ ಥಟ್ಟನೆ ಬಿಗಿದು ಬಿಡುವ ಹತ್ತಕ್ಕೆ ಬಂದೆವು. ದಿನಕ್ಕೆ ಮೂರು ಸಲ ಎಂದರೆ ಮರೆತುಹೋಗುತ್ತದೆ. ಲಾಳಿಯೊಳಗಿನ ನೂಲಿನ ಕಂಡಿಕಿ ಮುಗಿದು ಹೊಸದನ್ನು ಹಾಕುವಾಗ ಕೈ ಹೇಗೂ ನಿಲ್ಲುತ್ತದೆ. ಆಗೊಮ್ಮೆ ಈಗೊಮ್ಮೆ ಆ ಬಿಡುವಿನಲ್ಲಿ ಒಂದು ಸುತ್ತು ಮಾಡು ಎಂದೆ. ನಾನು ಹೇಳಿದ್ದಕ್ಕಿಂತ ಹೆಚ್ಚೇ ಮಾಡಿದಳೆಂದು ಆಮೇಲೆ ತಿಳಿಯಿತು, ಅತಿಯಾಗಿ ದಣಿದ ಸ್ನಾಯು ಸೋಲುತ್ತದೆಂದು ಕಡಿಮೆ ಮಾಡಿಸಬೇಕಾಯಿತು. ಒತ್ತಡ ಬಂದಾಗ ಓಡದೆ, ಕೂತಲ್ಲೇ ಎರಡು ಮೂರು ಸಲ ಬಿಗಿದು, ಒತ್ತಡದ ಅಲೆ ಇಳಿದ ಮೇಲೆ ಎದ್ದು ನಡೆಯುವುದನ್ನೂ ರೂಢಿಸಿದೆವು. ಓಡಿದರೆ ಹೊಟ್ಟೆಯ ಒತ್ತಡ ಹೆಚ್ಚಿ ತಡೆಯುವುದು ಇನ್ನಷ್ಟು ಕಷ್ಟವಾಗುತ್ತದೆ.

ಕಲೆಯ ನೋವಿಗೆ ಕೊಬ್ಬರಿ ಎಣ್ಣೆ ಹಚ್ಚಿ ಹೆಬ್ಬೆರಳಿನಿಂದ ದಿನವೂ ಐದು ನಿಮಿಷ ಮೆಲ್ಲಗೆ ತಿಕ್ಕಿಕೊಳ್ಳುವುದನ್ನು ಕಲಿಸಿದೆ. ಗಂಡನನ್ನು ಒಂದು ದಿನ ಕರೆಸಿದೆ. ಹೊರಗಿನ ಬೆಂಚಿನ ಮೇಲೆ ಕೂತಿದ್ದವನು ಒಳಗೆ ಬಂದು, ಟಾಕಿ ಹಾಕಿದ ಮೇಲೆ ಎಲ್ಲ ಸರಿಯಾಗಿರಬೇಕಲ್ಲ ಎಂದ. ಎಲಿಸಂಚಿಯ ಪಾಠ ಮತ್ತೆ ನಡೆಯಿತು. ಅವನು ಹೆಚ್ಚು ಮಾತಾಡಲಿಲ್ಲ; ಮುಂದಿನ ವಾರ ಹಿಂಬಾಗಿಲ ಅಗಳಿಯನ್ನು ಕಿತ್ತು ಸೊಂಟದ ಎತ್ತರಕ್ಕೆ ಹಾಕಿದ್ದನೆಂದು ಆಕೆ ಹೇಳಿದಳು. ನನ್ನ ವ್ಯಾಯಾಮಗಳಿಗಿಂತ ಮೊದಲು ಫಲ ಕೊಟ್ಟದ್ದು ಆ ಅಗಳಿ.

ಹರಿದ ಬಳೆಯನ್ನು ಈಗ ಮತ್ತೆ ಹೊಲಿಯಬಹುದೇ ಎಂದು ಶಸ್ತ್ರಚಿಕಿತ್ಸಕರನ್ನೂ ಕೇಳಿದೆವು. ಹೊಲಿಯಬಹುದು; ಆದರೆ ತಡವಾಗಿ ಮಾಡಿದ ಇಂಥ ಹೊಲಿಗೆಯ ಫಲ ವರ್ಷ ಕಳೆದಂತೆ ಕುಗ್ಗುತ್ತದೆ, ಮೇಲಾಗಿ ಇನ್ನೊಂದು ಮಗು ಬೇಕೆನ್ನುವವರಿಗೆ ಅದನ್ನು ಮುಂದಕ್ಕೆ ಹಾಕುವುದೇ ಲೇಸು ಎಂದು ಅವರು ಹೇಳಿದರು. ಲಕ್ಷಣಗಳು ಇಳಿಮುಖವಾಗಿದ್ದುದರಿಂದ ನಾವು ಒಪ್ಪಿದೆವು.

ಮುಂದಿನ ಹೆರಿಗೆ

ಇನ್ನೊಂದು ಮಗು ಬೇಕೆಂಬುದು ಅತ್ತೆಗಿಂತ ಆಕೆಗೇ ಹೆಚ್ಚು. ಒಮ್ಮೆ ಬಳೆ ಹರಿದವರಿಗೆ ಮುಂದಿನ ಸಹಜ ಹೆರಿಗೆಯಲ್ಲಿ ಮತ್ತೆ ಹರಿಯುವ ಸಂಭವ ನೂರಕ್ಕೆ 5ರಿಂದ 7. ಮೊದಲಿನದು ಪೂರ್ತಿ ಗುಣವಾದವರು ಈ ಲೆಕ್ಕ ತಿಳಿದು ಸಹಜ ಹೆರಿಗೆಗೆ ಹೋಗಬಹುದು. ಲಕ್ಷಣಗಳು ಉಳಿದಿರುವವರಿಗೆ, ಅಲ್ಟ್ರಾಸೌಂಡಿನಲ್ಲಿ ಬಿರುಕು ಕಂಡವರಿಗೆ, ದಿನ ಗೊತ್ತುಮಾಡಿ ಸಿಸೇರಿಯನ್ ಮಾಡಿಸಿಕೊಳ್ಳುವ ಆಯ್ಕೆಯನ್ನು ಮುಂದಿಡಬೇಕು. ಸಿಸೇರಿಯನ್ನಿಗೂ ತನ್ನದೇ ಅಪಾಯಗಳಿವೆ, ಅದು ಹಳೆಯ ಸೀಳನ್ನು ಕೂಡಿಸುವುದೂ ಇಲ್ಲ. ಉಳಿದಿರುವ ಹಿಡಿತ ಇನ್ನಷ್ಟು ಹೋಗದಂತೆ ಕಾಯುತ್ತದೆ, ಅಷ್ಟೇ. ಇದೆಲ್ಲವನ್ನೂ ಕೇಳಿ ಆಕೆ ಸಿಸೇರಿಯನ್ನಿಗೇ ಮನಸ್ಸು ಮಾಡಿದ್ದಾಳೆ. ಗಾಯದ ದರ್ಜೆ, ಬಿರುಕಿನ ಅಳತೆ, ಮುಂದಿನ ಹೆರಿಗೆಯ ಬಗ್ಗೆ ಸಲಹೆ ಇಷ್ಟನ್ನೂ ಒಂದೇ ಹಾಳೆಯಲ್ಲಿ ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಬರೆದು, ಪ್ಲಾಸ್ಟಿಕ್ ಹೊದಿಸಿ ಕೊಟ್ಟಿದ್ದೇವೆ. ಮುಂದೆ ತಾಯಿ ಕಾರ್ಡ್ ಮಾಡಿಸಿದ ದಿನವೇ ಅದರೊಳಗೆ ಇಡಬೇಕೆಂದು ಹೇಳಿದ್ದೇವೆ.

ಇದೇ ಹೊತ್ತಿನಲ್ಲಿ ಆಕೆಯ ನಾದಿನಿ ಆರು ತಿಂಗಳ ಬಸುರಿಯಾಗಿದ್ದಳು, ಹೀಗಾಗದಂತೆ ಏನು ಮಾಡಬಹುದೆಂದು ಅತ್ತೆಯೇ ಕೇಳಿದಳು. ಎಲ್ಲರಿಗೂ ರೂಢಿಯೆಂಬಂತೆ ಕೊಯ್ಯುವುದು ಬೇಡವೆಂದು ವಿಶ್ವ ಆರೋಗ್ಯ ಸಂಸ್ಥೆ 2018ರ ಶಿಫಾರಸಿನಲ್ಲಿ ಹೇಳಿದೆ. ಮಗುವಿನ ತಲೆ ಕಾಣುವ ಹೊತ್ತಿಗೆ ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಶುಚಿಯಾದ ಬಟ್ಟೆಯನ್ನು ಆ ಜಾಗಕ್ಕೆ ಒತ್ತಿ ಹಿಡಿದರೆ ಮೂರು, ನಾಲ್ಕನೆಯ ದರ್ಜೆಯ ಸೀಳು ಕಡಿಮೆಯಾಗುತ್ತದೆಂಬುದಕ್ಕೆ ಒಳ್ಳೆಯ ಆಧಾರವಿದೆ. ಅದಕ್ಕೆ ಯಂತ್ರ ಬೇಡ, ಖರ್ಚಿಲ್ಲ. ಇವು ಹೆರಿಗೆ ಮಾಡಿಸುವವರ ಕೈಯಲ್ಲಿರುವ ಸಂಗತಿಗಳು. ಮನೆಯವರ ಕೈಯಲ್ಲಿರುವುದು ಒಂದು: ಟಾಕಿ ಬಿದ್ದಾವ ಎಂದು ಸಿಸ್ಟರ್ ಹೊರಗೆ ಬಂದು ಹೇಳಿದಾಗ, ಎಷ್ಟನೆಯ ದರ್ಜೆಯದು, ಕಾಗದದ ಮೇಲೆ ಬರೆದುಕೊಡಿ ಎಂದು ಕೇಳುವುದು. ಅತ್ತೆ ‘ದರ್ಜೆ’ ಎಂಬ ಮಾತನ್ನು ಎರಡು ಸಲ ಬಾಯಲ್ಲಿ ಆಡಿಸಿ ನೋಡಿದಳು.

ಆರು ತಿಂಗಳ ಕೊನೆಗೆ ಅಂಕದ ಹಾಳೆಯನ್ನು, ಈ ಸಲ ಬಟ್ಟೆಯ ಪ್ರಶ್ನೆಯನ್ನೂ ಸರಿಯಾಗಿ ಕೇಳಿ, ತುಂಬಿದೆ. ಗಟ್ಟಿ ಮಲಕ್ಕೆ ಸೊನ್ನೆ, ತೆಳು ಮಲಕ್ಕೆ 1, ಗಾಳಿಗೆ 3, ಬಟ್ಟೆಗೆ 1, ದಿನಚರಿಗೆ 1, ಒಟ್ಟು 6. ಹಿಮೋಗ್ಲೋಬಿನ್ 10.9. ಮಗ್ಗದ ಹಲಗೆಯ ಮೇಲೆ, ನಡುವೆ ತಗ್ಗು ಬಿಟ್ಟು ಮಡಿಚಿ ಹೊಲಿದ ಕೌದಿ ಹಾಕಿಕೊಂಡು ಎರಡೂ ಕುಂಡಿ ಊರಿ ಕೂರುತ್ತಾಳೆ, ಬೆನ್ನುನೋವು ಬಹುಮಟ್ಟಿಗೆ ಹೋಗಿದೆ. ಗಾಳಿಯ ಮೇಲೆ ಇನ್ನೂ ಭರವಸೆಯಿಲ್ಲ, ಅವರೆಕಾಳು ತಿಂದ ದಿನವಂತೂ ಇಲ್ಲವೇ ಇಲ್ಲ; ಜನರ ನಡುವೆ ಕೂರುವಾಗ ಇಂದಿಗೂ ಬಾಗಿಲ ಬಳಿಯ ಜಾಗವನ್ನೇ ನೋಡಿಕೊಳ್ಳುತ್ತಾಳೆ. ಬನಶಂಕರಿ ಜಾತ್ರೆಗೆ ಹೋಗಿ ಬಂದಳು, ಚೀಲದಲ್ಲಿ ಒಂದು ಸೀರೆ ಇಟ್ಟುಕೊಂಡು. ಅದನ್ನು ಮಡಿಕೆ ಬಿಚ್ಚದೆ ಮರಳಿ ತಂದಳಂತೆ.

ಸೋಮವಾರದ ಉಪವಾಸ ಬಿಟ್ಟಿದ್ದಾಳೆ. ಶುಕ್ರವಾರದ್ದು ಯಾಕೆ ಉಳಿಸಿಕೊಂಡಿದ್ದೀಯಾ ಎಂದು ಕೇಳಿದೆ.

“ಅದು ಈಗ ಖರೇನ ದೇವರಿಗೆ ಮಾಡೂದ್ರಿ ಅಕ್ಕಾರ,” ಎಂದಳು.